ಚೀಲದಾಗಿನ ಹಂದಿಮರಿ, ಗೂಡಿನಾಗಿನ ಹಕ್ಕಿಮರಿ

ಟೋಪಿ ಹಾಕೋದು ನಮ್ಮ ಕಡೆ ಅಷ್ಟ ಅದ ಅಂತ ತಿಳಕೋಬ್ಯಾಡ್ರಿ. ಇಂಗ್ಲಿಷರೂ ಹಾಕ್ತಾರ, ಅದೂ ನಾಕುನೂರು ವರ್ಷದಿಂದ. ಅವರದು ಹುಡ್‌ವಿಂಕ್ ಅಂತ ಒಂದು ಮಾತದ. ಹುಡ್ ಅಂದ್ರ ತಲಿಗೆ ಹಾಕೋ ಕುಂಚಿಗಿ. ವಿಂಕ್ ಅಂದ್ರ ಈಗ ಒಂದು ಕಣ್ಣು ಮಿಟುಕಿಸೋದು, ಆದ್ರ 16ನೇ ಶತಮಾನದಾಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚೋದಕ್ಕೂ ಅದನ್ನ ಅಂತಿದ್ರು. ಕುಂಚಿಗಿ ಕಣ್ಣಿನ ಮ್ಯಾಲೆ ಎಳದು ಕತ್ತಲಿ ಮಾಡೋದು, ಅಷ್ಟ ಅದರ ಮೊದಲಿನ ಅರ್ಥ. ಮೋಸ ಅನ್ನೋ ಅರ್ಥ ಆಮ್ಯಾಲೆ ಬಂತು. ಅಲ್ಲಿ ಹುಡುಗರು ಆಡೋ ಕಣ್ಣುಕಟ್ಟೋ ಆಟಕ್ಕ ಹುಡ್‌ಮನ್ ಬ್ಲೈಂಡ್ ಅಂತ ಹೆಸರಿತ್ತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಾಗ ಮಗ ಅವ್ವನ ಮ್ಯಾಲೆ ಸಿಟ್ಟಾಗಿ ಮಾತಾಡುವಾಗ ಇದ ಆಟದ ಹೆಸರು ತಗೀತಾನ.

ಅದ ಮಾತಿನಾಗ ಅವಾ ಇನ್ನೊಂದು ಶಬ್ದನೂ ಬಳಸ್ಯಾನ, ಕಝನ್ ಅಂತ. ಮೋಸ ಮಾಡೋದು ಅಂತ ಅರ್ಥ. ಅದು ನಮಗೆಲ್ಲಾ ಗೊತ್ತಿರೋ ಕಸಿನ್ ಅನ್ನೋ ಶಬ್ದದಿಂದನ ಹುಟ್ಟಿರಬೇಕು ಅಂತ ಕೆಲವು ವಿದ್ವಾಂಸರು ಅಂತಾರ. ಅಂದ್ರ ಸುಳ್ಳ ಸುಳ್ಳ ಬೀಗತನ ಹೇಳಕೊಂಡು ಬಂದು, ನಾ ನಿಮ್ಮ ಕಾಕಾನ ಮಗ, ನಿಮ್ಮ ಮೌಶಿ ಮಗ ಅಂತ ಮನಿಯೊಳಗ ಕೂತು ಉಂಡು ಹೋಗೋದು. ಇನ್ನ ಕೆಲವರು ಇಲ್ಲ, ಅದು ಇಟಲಿಯ ಕುದರಿ ವ್ಯಾಪಾರಿಯ ಹೆಸರಿನಿಂದ ಬಂತು ಅಂತಾರ. ನನಗಂತೂ ಮೊದಲನೇದ್ದ ಖರೆ ಅನಸ್ತದ. ಮದುವಿ ಮನಿ ನೋಡಿದವರಿಗೆ ಯಾರಿಗಾದ್ರೂ ಹಂಗ ಅನಸ್ತದ.

ಇಂಥಾ ಮಾತುಗಳನ್ನ ಒಂದೊಂದ ಕೂಡಿಸಿಕೋತ ಹೋದಂಗ ನನಗ ಒಂದು ಕಂಡಿತು. ಇಂಗ್ಲಿಷಿನಾಗ ಮೋಸ ಮಾಡಿದವನಿಗೆ ಎಷ್ಟು ಹೆಸರು ಅವ, ಮೋಸ ಹೋದವರಿಗೆ ಅದಕ್ಕಿಂತ ಹೆಚ್ಚು ಅವ. ಅವೆಲ್ಲಾ ಹೆಚ್ಚುಕಡಿಮಿ ಪ್ರಾಣಿ ಪಕ್ಷಿ ಹೆಸರು, ಕೇಳಿದ್ರ ನಗು ಬರೋವಂಥಾವು. ಮೋಸ ಮಾಡಿದವರ ಹೆಸರು ಮಾತ್ರ ಎಷ್ಟೋ ಸಲ ಬಿರುದಿನಂಗ ಕೇಳಸ್ತಾವ.

ಸಂತಿಯಿಂದನ ಶುರು ಮಾಡೋಣು. ಪಿಗ್ ಇನ್ ಎ ಪೋಕ್ ಅಂತಾರಲ್ಲ, ಅದರಾಗಿನ ಪೋಕ್ ಅಂದ್ರ ಚೀಲ. ಸಣ್ಣ ಪೋಕ್ ಅಂದ್ರ ಪಾಕೆಟ್, ಅಂದ್ರ ನಮ್ಮ ಅಂಗಿ ಕಿಸೆದ ಹೆಸರೂ ಅಲ್ಲಿಂದನ ಬಂತು. ಬಾಯಿ ಕಟ್ಟಿದ ಚೀಲದಾಗ ಹಂದಿಮರಿ ಅದ ಅಂತ ಹೇಳಿ ಮಾರತಿದ್ರು, ತಗೊಂಡವರು ಮನಿಗೆ ಹೋಗಿ ಬಿಚ್ಚಿ ನೋಡಬೇಕು. 16ನೇ ಶತಮಾನದಾಗ ಜಾನ್ ಹೇವುಡ್ ಅನ್ನವರು ಇಂಗ್ಲಿಷ್ ಗಾದಿಗಳನ್ನ ಕೂಡಿಸಿ ಬರದ್ರು, ಅದರಾಗ ಈ ಹಂದಿಮರಿ ಆಗಲೇ ಅದ. ಫ್ರೆಂಚರು, ಜರ್ಮನ್ನರು, ಡಚ್ಚರು ಇದ ಮಾತನ್ನ ಚೀಲದಾಗಿನ ಬೆಕ್ಕು ಕೊಂಡಂಗ ಅಂತಾರ. ಸ್ಪೇನಿನವರು ಮೊಲ ಅಂತ ಹೇಳಿ ಬೆಕ್ಕು ಕೊಟ್ಟ ಅಂತಾರ, ಅದು ಖಾನಾವಳಿ ಊಟದ ಮಾತು. ಹಿಂಗ ಯುರೋಪಿನ ತುಂಬ ಬೆಕ್ಕಿನ ಹೆಸರು ಕೆಟ್ಟದ, ಪಾಪ ಬೆಕ್ಕಿಗೆ ಒಂದು ದುಡ್ಡಿನ ಲಾಭ ಇಲ್ಲ.

ಇದರಾಗ ತಪ್ಪು ಯಾರದು? ಚೀಲದಾಗ ಬೆಕ್ಕು ತುಂಬಿದವಂದು ಅಂತ ನಾವು ಅಂತೀವಿ. ಗಾದಿ ಹಂಗ ಅನ್ನಂಗಿಲ್ಲ. ಬಿಚ್ಚಿ ನೋಡದ ತಗೋಬ್ಯಾಡ ಅಂತ ಕೊಂಡವರಿಗೇ ಬುದ್ಧಿ ಹೇಳ್ತದ. ಆಗಿನ ಇಂಗ್ಲಿಷ್ ಕಾಯ್ದೆನೂ ಹಂಗ ಇತ್ತು. ಕೊಳ್ಳೋವನ ನೋಡಿ ಕೊಳ್ಳಬೇಕು ಅನ್ನೋದಕ್ಕ ಕೇವಿಯಟ್ ಎಂಪ್ಟರ್ ಅಂತ ಲ್ಯಾಟಿನ್ ಮಾತು. 1603ರಾಗ ಒಂದು ಖಟ್ಲೆ ನಡೀತು, ಇವತ್ತಿಗೂ ಲಾ ಓದೋ ಹುಡುಗರಿಗೆ ಪಾಠ ಅದ. ಒಬ್ಬ ಅಕ್ಕಸಾಲಿಗ 100 ಪೌಂಡಿಗೆ ಒಂದು ಹರಳು ಮಾರಿದಾ, ಬೆಜೋಆರ್ ಅಂತ ಹೇಳಿ. ಬೆಜೋಆರ್ ಅಂದ್ರ ಆಡಿನಂಥಾ ಪ್ರಾಣಿ ಹೊಟ್ಟಿಯೊಳಗ ಆಗೋ ಗಟ್ಟಿ ಹರಳು. ನಮ್ಮಲ್ಲಿ ಗೋರೋಚನಕ್ಕ ಹೆಂಗ ಬೆಲಿನೋ ಹಂಗ ಅವರಲ್ಲಿ ಅದಕ್ಕ, ವಿಷ ಇಳಸ್ತದ ಅಂತ ನಂಬಿಕಿ. ತಗೊಂಡವನಿಗೆ ಆಮ್ಯಾಲೆ ಗೊತ್ತಾತು, ಅದು ಬೆಜೋಆರ್ ಅಲ್ಲ. ಕೋರ್ಟಿಗೆ ಹೋದಾ. ಕೋರ್ಟು ಏನು ಹೇಳಿತು ಅಂದ್ರ, ಇದು ಬೆಜೋಆರ್ ಅಂತ ಬರೇ ಬಾಯಿಲೆ ಹೇಳಿದ್ರ ಸಾಲಂಗಿಲ್ಲ, ನಾ ಇದಕ್ಕ ಗ್ಯಾರಂಟಿ ಅಂತ ಮಾರಿದವಾ ಹೇಳಿರಲಿಲ್ಲ, ಅದಕ್ಕ ದಾವಾ ನಡಿಯಂಗಿಲ್ಲ. 100 ಪೌಂಡು ಹೋತು. ಮುಂದ ನೂರಾರು ವರ್ಷ ಮಾರಾಟದ ಕಾಯ್ದೆಯೊಳಗ ಈ ತೀರ್ಪಿನ ಹೆಸರು ಬರತಿತ್ತು.

ಅಡಗಿಮನಿಗೆ ಹತ್ತಿರದ್ದು ಇನ್ನೊಂದು ಹೇಳ್ತೀನಿ. ಅಮೆರಿಕಾದ ಕನೆಕ್ಟಿಕಟ್ ರಾಜ್ಯಕ್ಕ ಜಾಜಿಕಾಯಿ ರಾಜ್ಯ ಅಂತ ಅಡ್ಡಹೆಸರು ಅದ. ಅಲ್ಲಿ ಜಾಜಿಕಾಯಿ ಗಿಡ ಒಂದೂ ಬೆಳಿಯಂಗಿಲ್ಲ. 19ನೇ ಶತಮಾನದಾಗ ಅಲ್ಲಿಂದ ಗಂಟು ಹೊತ್ಕೊಂಡು ಊರೂರು ತಿರಗೋ ವ್ಯಾಪಾರಿಗಳು ಕಟಿಗಿ ಕೆತ್ತಿ ಜಾಜಿಕಾಯಿ ಅಂತ ಮಾರತಾರ ಅಂತ ಸುದ್ದಿ ಹಬ್ಬಿತ್ತು. ಕಟಿಗಿ ಜಾಜಿಕಾಯಿ ಅಂದ್ರ ಖೋಟಾ ಮಾಲು ಅಂತ ಮಾತ ಹುಟ್ಟಿಕೊಂಡಿತು. ಆದ್ರ ಇದಕ್ಕ ಬ್ಯಾರೆ ಕಥಿನೂ ಅದ. ಜಾಜಿಕಾಯಿ ಹೆಂಗ ಬಳಸಬೇಕು ಅಂತ ಗೊತ್ತಿಲ್ಲದ ಗಿರಾಕಿಗಳು ಅದನ್ನ ಅಖ್ರೋಡದಂಗ ಒಡದು ತಿನ್ನಲಿಕ್ಕೆ ನೋಡಿದ್ರು, ಒಡೀಲಿಲ್ಲ, ಕಟಿಗಿ ಕೊಟ್ಟಾನ ಅಂತ ಬೈದ್ರು ಅಂತ. ಕೂಸಿಗೆ ಗುಟ್ಟಿ ತೇಯುವಾಗ ಜಾಜಿಕಾಯಿ ಕಲ್ಲಿಗೆ ಹಿಡದು ಕೈ ನೋಯಿಸಿಕೊಂಡವರಿಗೆ ಈ ಎರಡನೇ ಕಥಿ ಲಗೂ ತಿಳೀತದ. ತೇದು ನೋಡಿದ್ರ ಅಲ್ಲಿಗೆ ಜಗಳ ಮುಗೀತಿತ್ತು.

ಸಂತಿಯಿಂದ ಊರ ಬೀದಿಗೆ ಬರೋಣು. 1591ರಾಗ ಲಂಡನ್ನಿನಾಗ ರಾಬರ್ಟ್ ಗ್ರೀನ್ ಅನ್ನೋ ಬರಹಗಾರ ಸಣ್ಣ ಸಣ್ಣ ಪುಸ್ತಕ ತರಲಿಕ್ಕೆ ಹತ್ತಿದಾ. ಮೋಸಗಾರರು ಹೆಂಗ ಕೆಲಸ ಮಾಡ್ತಾರ ಅಂತ ಬಿಡಿಸಿ ಬಿಡಿಸಿ ಹೇಳೋ ಪುಸ್ತಕ. ಆ ಕೆಲಸಕ್ಕ ಅವಾ ಕೋನಿ ಕ್ಯಾಚಿಂಗ್ ಅಂತಾನ. ಕೋನಿ ಅಂದ್ರ ಮೊಲ, ಅಂದ್ರ ಮೊಲ ಹಿಡಿಯೋದು. ಮೊಲ ಯಾರು? ಹಳ್ಳಿಯಿಂದ ಕೋರ್ಟ್ ಕಚೇರಿ ಕೆಲಸಕ್ಕೋ ಪ್ಯಾಟಿಗೋ ಬಂದ ರೈತ. ಒಬ್ಬ ಹೋಗಿ ಅವನ್ನ ಮಾತಾಡಸ್ತಾನ, ಅವನಿಗೆ ಸೆಟರ್ ಅಂತ ಹೆಸರು. ಎಲ್ಲಿಯವರು, ಏನು ಹೆಸರು, ಊರು ಯಾವುದು, ಮಗ್ಗಲ ಮನಿಯವರು ಯಾರು, ಇಷ್ಟು ತಿಳಕೊಂಡು ಹೋಗ್ತಾನ. ಒಂದು ಓಣಿ ದಾಟೋದರಾಗ ಇನ್ನೊಬ್ಬ ಎದರಿಗೆ ಬರ್ತಾನ, ಅವಾ ವರ್ಸರ್. ಬಂದವನ ಹೆಸರು ಹಿಡದು ಕರೀತಾನ! ಊರಾಗ ಎಲ್ಲಾರೂ ಆರಾಮ ಅದಾರೇನು, ನಿಮ್ಮ ಮಗ್ಗಲ ಮನಿಯವರು ಹೆಂಗಿದ್ದಾರ ಅಂತ ಹೆಸರಿನ ಸಮೇತ ಕೇಳ್ತಾನ. ಹಳ್ಳಿಯವನಿಗೆ ಆಶ್ಚರ್ಯ, ಸಂತೋಷ. ಇಷ್ಟು ದೊಡ್ಡ ಊರಾಗ ನಮ್ಮವರು ಒಬ್ಬರು ಸಿಕ್ಕರಲ್ಲ ಅಂತ. ಹೆಂಡದಂಗಡಿಗೆ ಹೋಗ್ತಾರ, ಇಸ್ಪೀಟು ಬರ್ತದ, ಗುರ್ತಿಲ್ಲದವರಂಗ ಮೂರನೇಯವಾ ಬರ್ತಾನ, ಅವನ ಹೆಸರು ಬಾರ್ನಾಕಲ್. ಸಂಜಿತನಕ ಹಳ್ಳಿಯವನ ಕಿಸೆ ಖಾಲಿ.

ಇದನ್ನ ಓದುವಾಗ ನನಗ ನಮ್ಮ ಓಣಿಯ ಒಬ್ಬ ಹಿರಿಯರು ನೆನಪಾದ್ರು. ಅವರಿಗೆ ಒಂದು ಫೋನ್ ಬಂದಿತ್ತು. ಮಾತಾಡಿದವಾ ಅವರ ಪೂರಾ ಹೆಸರು ಹೇಳಿದಾ, ಯಜಮಾನರ ಹೆಸರು ಹೇಳಿದಾ, ಪೆನ್ಶನ್ ಯಾವಾಗ ಜಮಾ ಆಗ್ತದ ಅನ್ನೋದೂ ಹೇಳಿದಾ. ಇಷ್ಟೆಲ್ಲಾ ಗೊತ್ತಿದ್ದವಾ ಬ್ಯಾಂಕಿನವನ ಇರಬೇಕು ಅಂತ ಅವರು ಓಟಿಪಿ ಹೇಳಿದ್ರು. 1591ರ ಸೆಟರ್, ವರ್ಸರ್ ಕೆಲಸ ಈಗ ಒಂದು ಫೋನಿನಾಗ ಆಗ್ತದ, ಅಷ್ಟ ಫರಕು. ಆದ್ರ ನನಗ ಹೆಚ್ಚು ಕೆಟ್ಟ ಅನಿಸಿದ್ದು ರೊಕ್ಕ ಹೋಗಿದ್ದಲ್ಲ. ಅವರು ಅದನ್ನ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಇಂಥಾದ್ದು ಆದ ತಾಸಿನೊಳಗ 1930 ನಂಬರಿಗೆ ಫೋನ್ ಮಾಡಿದ್ರ ರೊಕ್ಕ ತಡೆ ಹಿಡಿಯೋ ಸಾಧ್ಯತಾ ಇರ್ತದ. ತಡಾ ಆದಷ್ಟು ಕಷ್ಟ. ಯಾಕ ಹೇಳಲಿಲ್ಲರಿ ಅಂತ ಕೇಳಿದ್ದಕ್ಕ, ಇಷ್ಟು ಓದಿದಾಕಿ ಟೋಪಿ ಹಾಕಿಸಿಕೊಂಡ್ಲು ಅಂತ ಎಲ್ಲಾರೂ ನಗತಿದ್ರು ಅಂದ್ರು. ಬರೇ ಮಾತಿಗೆ ಹೆದರಿ ಅವರು ಸುಮ್ಮ ಕೂತಿದ್ರು. ಮಾತಿಗೆ ಅಷ್ಟು ಶಕ್ತಿ ಅದ. ಅದಕ್ಕ ನಾ ಈ ಮಾತುಗಳ ಹಿಂದ ಬಿದ್ದದ್ದು.

ಗ್ರೀನ್ ಕಾಲದಾಗನ ಮೋಸ ಹೋದವರಿಗೆ ಗಲ್ ಅಂತ ಹೆಸರು ಬಂತು. ಗಲ್ ಅಂದ್ರ ಕಡಲಹಕ್ಕಿ ಅಂತ ಸಾಲಿಯೊಳಗ ಕಲತೀವಿ. ಇದು ಅದಲ್ಲ ಅಂತ ಬಲ್ಲವರು ಅಂತಾರ. ಹಳ್ಳಿ ಇಂಗ್ಲಿಷಿನಾಗ ಇನ್ನೂ ರೆಕ್ಕಿ ಬಲಿಯದ ಹಕ್ಕಿಮರಿಗೂ ಗಲ್ ಅಂತಿದ್ರಂತ. ಯಾರು ಏನು ಕೊಟ್ಟರೂ ಬಾಯಿ ತಗದು ನುಂಗೋ ಮರಿ. ಅಲ್ಲಿಂದನ ಮುಂದ ಗಲ್ಲಿಬಲ್ ಅನ್ನೋ ಶಬ್ದ ಬಂತು. 1609ರಾಗ ಥಾಮಸ್ ಡೆಕರ್ ಅನ್ನವಾ ಗಲ್‌ಗಳಿಗೆ ಪಾಠ ಹೇಳೋ ಚ್ಯಾಷ್ಟಿ ಪುಸ್ತಕನ ಬರದಾ. ಪಾರಿವಾಳ ಅಂದ್ರೂ ಮೋಸ ಹೋಗೋವಾ. ಅಮೆರಿಕಾದಾಗ 1830ರ ಹೊತ್ತಿಗೆ ಸಕ್ಕರ್ ಅಂತ ಬಂತು, ಅಂದ್ರ ಇನ್ನೂ ಹಾಲು ಬಿಡದ ಕೂಸು. ಮಾರ್ಕ್ ಅಂದ್ರ ಗುರಿ. ನಮ್ಮಲ್ಲೂ ಕುರಿ ಮಾಡಿದ್ರು, ಬಕ್ರಾ ಮಾಡಿದ್ರು ಅಂತೀವಿ, ಕಿವಿ ಮ್ಯಾಲೆ ಹೂ ಇಟ್ಟರು ಅಂತೀವಿ. ಹೂ ಇಟ್ಟವಾ ಯಾರು ಅಂತ ಯಾರೂ ಕೇಳಂಗಿಲ್ಲ, ಹೂ ಇಟ್ಟುಕೊಂಡವರ ಮುಖಾ ನೋಡಿ ನಗೋದು.

ನಡುವ ಒಂದು ಮೋಜಿನ ಸಂಗತಿ. ಬ್ಯಾಂಬೂಝಲ್ ಅಂದ್ರ ತಲಿ ಕೆಡಿಸಿ ಮೋಸ ಮಾಡೋದು. 18ನೇ ಶತಮಾನದ ಶುರುವಿನಾಗ ಹೊಸದಾಗಿ ಬಂದ ಪ್ಯಾಟಿ ಮಾತದು. ಗಲಿವರನ ಕಥಿ ಬರದ ಜೋನಾಥನ್ ಸ್ವಿಫ್ಟರಿಗೆ ಅದನ್ನ ಕೇಳಿದ್ರ ಮೈ ಉರೀತಿತ್ತು. 1710ರಾಗ ದ ಟ್ಯಾಟ್ಲರ್ ಪತ್ರಿಕೆಗೆ ಬರದು, ಇಂಥಾ ಶಬ್ದದಿಂದ ಇಂಗ್ಲಿಷ್ ಭಾಷೆ ಹಾಳಾಗ್ತದ ಅಂತ ಗೊಣಗಿದ್ರು. ಬ್ಯಾಂಟರ್, ಮಾಬ್ ಅನ್ನೋವೂ ಅವರ ಸಿಟ್ಟಿಗೆ ಸಿಕ್ಕಿದ್ದವು. ಮೂರೂ ಇವತ್ತಿಗೂ ಆರಾಮ ಅವ. ನಮ್ಮ ಮನಿಯ ಹಿರಿಯರು ಹುಡುಗರ ಮಾತಿಗೆ ಬೈಯುವಾಗ ನಾ ಇದನ್ನ ನೆನಸಿಕೊಂಡು ಸುಮ್ಮಿರತೀನಿ.

ಈಗ ಕಾನ್ ಮ್ಯಾನ್ ಅನ್ನೋ ಮಾತಿಗೆ ಬರೋಣು. ಇದರ ಹುಟ್ಟಿದ ವರ್ಷ ಗೊತ್ತದ, 1849. ನ್ಯೂಯಾರ್ಕಿನಾಗ ವಿಲಿಯಂ ಥಾಮ್ಸನ್ ಅನ್ನವಾ ಒಳ್ಳೆ ಬಟ್ಟಿ ಹಾಕ್ಕೊಂಡು ಬೀದಿಯೊಳಗ ಹೋಗೋ ಸಿರಿವಂತರನ್ನ ಗುರ್ತಿನವರಂಗ ಮಾತಾಡಸ್ತಿದ್ದಾ. ಸ್ವಲ್ಪ ಹೊತ್ತು ಹರಟಿ ಹೊಡದು, ನನ್ನ ಮ್ಯಾಲೆ ನಿಮಗ ಭರೋಸಾ ಅದ ಏನು, ಇದ್ರ ನಿಮ್ಮ ಗಡಿಯಾರ ನಾಳಿತನಕ ನನ್ನ ಕಡೆ ಕೊಡ್ರಿ ಅಂತಿದ್ದಾ. ಕೊಡತಿದ್ರು! ನಾಳಿ ಬರತಿರಲಿಲ್ಲ. ಜುಲೈದಾಗ ಗಡಿಯಾರ ಕಳಕೊಂಡ ಒಬ್ಬರು ರಸ್ತೆದಾಗ ಅವನ್ನ ಗುರ್ತು ಹಿಡದು ಪೊಲೀಸರಿಗೆ ಕೊಟ್ಟರು. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಅವನಿಗೆ ಕಾನ್ಫಿಡೆನ್ಸ್ ಮ್ಯಾನ್ ಅಂತ ಹೆಸರಿಟ್ಟಿತು, ಅಂದ್ರ ಭರೋಸಾದ ಮನಷಾ. ನೋಡ್ರಿ ಹೆಸರು ಎಷ್ಟು ಛಂದ ಅದ! ಕಳ್ಳ ಅನ್ನಲಿಲ್ಲ. 1857ರ ಏಪ್ರಿಲ್ 1ಕ್ಕ, ಅಂದ್ರ ಫೂಲ್ಸ್ ಡೇ ದಿವಸನ, ಹರ್ಮನ್ ಮೆಲ್ವಿಲ್ ಅದ ಹೆಸರಿನ ಕಾದಂಬರಿ ತಂದ್ರು. ಮುಂದ ಹೆಸರು ಗಿಡ್ಡಾಗಿ ಕಾನ್ ಆತು.

ಈ ಗಡಿಯಾರದ ಸುದ್ದಿ ಬಂದಾಗ ಹೆರಾಲ್ಡ್ ಪತ್ರಿಕೆ ಇನ್ನೊಂದು ಮಾತು ಬರದಿತ್ತು. ಈ ಬಡಪಾಯಿ ಜೇಲಿಗೆ ಹೋದಾ, ಇದ ಕೆಲಸ ದೊಡ್ಡದಾಗಿ ಮಾಡೋ ವಾಲ್ ಸ್ಟ್ರೀಟಿನವರು ಅರಮನಿಯೊಳಗ ಇದ್ದಾರ ಅಂತ. ಬ್ಯಾರೆ ಒಂದು ಪತ್ರಿಕೆ ಬರದದ್ದು ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿತು. ಈ ಕಾಲದಾಗೂ, ಪತ್ರಿಕೆಗಳು ಇಷ್ಟು ಎಚ್ಚರಿಕಿ ಕೊಟ್ಟ ಮ್ಯಾಲೂ, ಮನಷಾ ಮನಷಾನ್ನ ನಂಬಿ ಮೋಸ ಹೋಗ್ತಾನ ಅಂದ್ರ ಜನರ ಒಳ್ಳೆತನ ಇನ್ನೂ ಪೂರಾ ಹೋಗಿಲ್ಲ ಅಂತ ಅರ್ಥ, ಅದು ಸಂತೋಷದ ವಿಷಯ ಅಂತ ಅದರ ಸಾರಾಂಶ. ಮೋಸ ಹೋದವರ ಪರ ವಹಿಸಿದ್ದು ನಾ ಓದಿದ್ದರಾಗ ಇದ ಮೊದಲನೇದು.

ಬ್ರೂಕ್ಲಿನ್ ಬ್ರಿಜ್ ಮಾರೋ ಮಾತೂ ನ್ಯೂಯಾರ್ಕಿಂದ. ಯಾರರ ನಂಬಲಾರದ್ದು ಹೇಳಿದ್ರ, ನೀ ಇದನ್ನ ನಂಬಿದ್ರ ನನ್ನ ಕಡೆ ಒಂದು ಸೇತುವೆ ಅದ, ಮಾರತೀನಿ ತಗೋ ಅಂತಾರ. ಸೇತುವೆ 1883ರಾಗ ಶುರು ಆತು. ಜಾರ್ಜ್ ಪಾರ್ಕರ್ ಅನ್ನವಾ ಅದನ್ನ ಹೊಸದಾಗಿ ಹಡಗ ಇಳದು ಬಂದವರಿಗೆ ಮತ್ತ ಮತ್ತ ಮಾರಿದಾ ಅಂತ ಹೆಸರಾದಾ. 1928ರಾಗ ಅವನಿಗೆ ಜನ್ಮಪೂರ್ತಿ ಜೇಲು ಆತು. ಸೇತುವೆ ಕೊಂಡವರು ಅಷ್ಟೇನೂ ದಡ್ಡರಲ್ಲ. ಮೊದಲಿಗೆ ಆ ಸೇತುವೆ ಮ್ಯಾಲೆ ನಡದು ಹೋಗೋವರೂ 1 ಸೆಂಟ್ ಸುಂಕ ಕೊಡಬೇಕಿತ್ತು. ದಿವಸಾ ಸಾವಿರಾರು ಮಂದಿ ದಾಟೋ ಸೇತುವೆ, ಸುಂಕ ನಿಮಗ ಬರ್ತದ ಅಂದ್ರ ಯಾರಿಗೆ ಆಸೆ ಆಗಂಗಿಲ್ಲ? ನಮ್ಮ ದೇಶದಾಗ ತಾಜಮಹಲ ಮಾರಿದಾ ಅಂತ ನಟವರಲಾಲನ ಹೆಸರು ಹೇಳ್ತಾರಲ್ಲ, ಅದ ಜಾತಿ ಕಥಿ.

ಸೇತುವೆ ಮಾರಿದವನ ಹೆಸರು ಎಲ್ಲಾರಿಗೂ ಗೊತ್ತು, ಅದನ್ನ ಕಟ್ಟಿಸಿದಾಕಿ ಹೆಸರು ಎಷ್ಟು ಮಂದಿಗೆ ಗೊತ್ತದ? ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ನೀರಿನ ಕೆಳಗ ಪಾಯಾ ಹಾಕಿಸೋ ಕೆಲಸದಾಗ ಜಡ್ಡಾಗಿ ಹಾಸಗಿ ಹಿಡದ್ರು. ಅವರ ಹೆಂಡತಿ ಎಮಿಲಿ ರೋಬ್ಲಿಂಗ್ ಹತ್ತು ವರ್ಷದ ಮ್ಯಾಲೆ ದಿನಾ ಕೆಲಸದ ಜಾಗಾಕ್ಕ ಹೋಗಿ, ಗಂಡನ ಸೂಚನಾ ಎಂಜಿನಿಯರಗಳಿಗೆ ತಿಳಿಸಿ, ಲೆಕ್ಕ ಎಲ್ಲಾ ಕಲತು ಸೇತುವೆ ಮುಗಿಸಿದ್ರು. ಅದರ ಮ್ಯಾಲೆ ಮೊದಲು ಗಾಡಿಯೊಳಗ ದಾಟಿದಾಕಿನೂ ಎಮಿಲಿನ, ಗೆಲುವಿನ ಗುರ್ತು ಅಂತ ಒಂದು ಹುಂಜ ಹಿಡಕೊಂಡು.

ಸ್ನೇಕ್ ಆಯಿಲ್ ಬಗ್ಗೆ ಲಗೂ ಹೇಳಿ ಮುಗಸ್ತೀನಿ, ಯಾಕಂದ್ರ ಮೊಣಕಾಲಿಗೆ ಹಚ್ಚೋ ಎಣ್ಣಿ ನಾವೂ ಬ್ಯಾರೆ ಬ್ಯಾರೆ ಹೆಸರಿನ್ಯಾವ ತಗೊಂಡೀವಿ. 1893ರ ಶಿಕಾಗೋ ಜಾಗತಿಕ ಪ್ರದರ್ಶನದಾಗ ಕ್ಲಾರ್ಕ್ ಸ್ಟಾನ್ಲಿ ಅನ್ನವಾ ಎಲ್ಲಾರ ಮುಂದ ಹಾವು ಕೊಯ್ದು ಅದರ ಎಣ್ಣಿ ಅಂತ ಮಾರಿದಾ. ನೋವಿಗೆಲ್ಲಾ ಅದ ಔಷಧ. ಅಮೆರಿಕಾ ಸರಕಾರ 1906ರಾಗ ಔಷಧಿ ಕಾಯ್ದೆ ತಂತು, ಹತ್ತು ವರ್ಷ ಆದಮ್ಯಾಲೆ ಆ ಎಣ್ಣಿ ಪರೀಕ್ಷಾ ಮಾಡಿದ್ರು. ಖನಿಜ ತೈಲ, ಸ್ವಲ್ಪ ದನದ ಕೊಬ್ಬು, ಕೆಂಪು ಮೆಣಸಿನಕಾಯಿ ಸಿಕ್ಕಿದ್ವು, ಹಾವು ಸಿಗಲಿಲ್ಲ. ದಂಡ 20 ಡಾಲರ್. ಮೆಣಸಿನಕಾಯಿ ಖಾರ ಚರ್ಮಕ್ಕ ಹತ್ತಿದ್ರ ಬಿಸಿ ಅನಸ್ತದ, ಗುಣಾ ಆತು ಅನಸ್ತದ. ಸಾಂಬಾರ ಪುಡಿ ಕುಟ್ಟಿದ ಕೈಗೆ ಇದನ್ನ ಹೇಳಿಕೊಡೋದ ಬ್ಯಾಡ.

ಈಗ ಬೋಸ್ಟನ್ ಊರಿನ ಎರಡು ಕಥಿ. ಎರಡನೇದು ಎಲ್ಲಾರಿಗೂ ಗೊತ್ತು, ಅದಕ್ಕ ಪೊಂಝಿ ಸ್ಕೀಮ್ ಅಂತಾರ. 1920ರಾಗ ಚಾರ್ಲ್ಸ್ ಪೊಂಝಿ ಅನ್ನವಾ 45 ದಿನಕ್ಕ 50 ಪರ್ಸೆಂಟ್ ಲಾಭ ಕೊಡತೀನಿ ಅಂತ ರೊಕ್ಕ ಕೂಡಿಸಿದಾ. ಪರದೇಶದ ಪೋಸ್ಟಿನ ಕೂಪನ್ ಸೋವಿಯೊಳಗ ತಗೊಂಡು ಇಲ್ಲಿ ಹೆಚ್ಚಿಗೆ ಬೆಲಿಗೆ ಬದಲಿಸಿಕೋತೀನಿ ಅಂತ ಕಥಿ ಹೇಳಿದಾ. ಖರೇನು ಅಂದ್ರ ಹೊಸಾ ಮಂದಿ ಕೊಟ್ಟ ರೊಕ್ಕ ಹಳೇ ಮಂದಿಗೆ ಕೊಡೋದು. ಆಗಸ್ಟಿನಾಗ ಸಿಕ್ಕಿಬಿದ್ದಾ.

ಮೊದಲಿನ ಕಥಿ ಅದಕ್ಕಿಂತ 40 ವರ್ಷ ಹಿಂದಿಂದು, ಅದ ಊರು. 1879ರಾಗ ಸಾರಾ ಹೌ ಅನ್ನೋ ಹೆಣ್ಣಮಗಳು ಲೇಡೀಸ್ ಡಿಪಾಜಿಟ್ ಅಂತ ಒಂದು ಬ್ಯಾಂಕಿನಂಥಾದ್ದು ತಗದ್ಲು. ಬರೇ ಹೆಣ್ಮಕ್ಕಳ ರೊಕ್ಕ ತಗೋತಿದ್ಲು, ಅದೂ ಗಂಡನ ಆಸರಾ ಇಲ್ಲದವರದು, ಮದುವಿ ಆಗದವರು, ಗಂಡ ಸತ್ತವರು. ಬಡ್ಡಿ ತಿಂಗಳಿಗೆ 8 ಪರ್ಸೆಂಟ್! ಬ್ಯಾಂಕಿನವರು ಆಗ ಇಡೀ ವರ್ಷಕ್ಕೂ ಅಷ್ಟು ಕೊಡತಿರಲಿಲ್ಲ. ಅದರ ಮ್ಯಾಲೆ ಮೂರು ತಿಂಗಳ ಬಡ್ಡಿ ಮುಂಗಡನ ಕೈಯಾಗ ಕೊಡತಿದ್ಲು. ಇಷ್ಟು ಹೆಂಗ ಕೊಡತೀರಿ ಅಂತ ಕೇಳಿದ್ರ, ಕ್ವೇಕರ್ ಅನ್ನೋ ಧಾರ್ಮಿಕ ಪಂಥದವರು ಬಡ ಹೆಣ್ಮಕ್ಕಳ ಸಹಾಯಕ್ಕ ಅಂತ ದೊಡ್ಡ ನಿಧಿ ಇಟ್ಟಾರ ಅಂತಿದ್ಲು. ಅಂಥಾ ನಿಧಿ ಎಲ್ಲೂ ಇರಲಿಲ್ಲ. ಜಾಹೀರಾತು ಬೇಕಾಗಲಿಲ್ಲ, ಒಬ್ಬಾಕಿ ಇನ್ನೊಬ್ಬಾಕಿಗೆ ಹೇಳಿದ್ಲು. ಅಕ್ಕ ತಂಗಿಗೆ, ಮನಿಗೆಲಸದಾಕಿ ಮಗ್ಗಲ ಮನಿಯ ಕೆಲಸದಾಕಿಗೆ, ಸಾಲಿ ಬಾಯಾರು ಇನ್ನೊಬ್ಬ ಬಾಯಾರಿಗೆ. ನಮ್ಮಲ್ಲಿ ಚೀಟಿ ಹಾಕೋದು, ಭಿಶಿ ಹಾಕೋದು ಹೆಂಗ ಹಬ್ಬತದ ಹಂಗ. 1880ರಾಗ ಬೋಸ್ಟನ್ನಿನ ಒಂದು ಪತ್ರಿಕೆ ಹಿಂದಬಿದ್ದು ಬರದಮ್ಯಾಲೆ ಎಲ್ಲಾರೂ ರೊಕ್ಕ ವಾಪಸ್ ಕೇಳಲಿಕ್ಕೆ ಓಡಿದ್ರು. ನೂರಾರು ಹೆಣ್ಮಕ್ಕಳ ಉಳಿತಾಯ ಮುಳುಗಿತು. ಸಾರಾಗ ಮೂರು ವರ್ಷ ಜೇಲು. ಹೊರಗ ಬಂದು ಮತ್ತ ಅಂಥಾದ್ದ ಒಂದು ಅಂಗಡಿ ತಗದ್ಲು, ಮತ್ತ ಗಿರಾಕಿ ಬಂದ್ರು.

ಆಗ ಪತ್ರಿಕೆಯವರು ಏನು ಮಾಡಿದ್ರು ಗೊತ್ತೇನು? ರೊಕ್ಕ ಕಳಕೊಂಡ ಹೆಣ್ಮಕ್ಕಳ ಬುದ್ಧಿಗೆ ನಕ್ಕರು. ಹೆಂಗಸರಿಗೆ ರೊಕ್ಕದ ವ್ಯವಹಾರ ತಿಳಿಯಂಗಿಲ್ಲ ಅನ್ನೋದಕ್ಕ ಇದ ಸಾಕ್ಷಿ ಅಂದ್ರು. 40 ವರ್ಷ ಆದಮ್ಯಾಲೆ ಅದ ಬೋಸ್ಟನ್ನಿನಾಗ ಗಂಡಸೂರು ಸಾಲು ಹಚ್ಚಿ ನಿಂತು ಪೊಂಝಿಗೆ ರೊಕ್ಕ ಕೊಟ್ಟರು, ಅವರೊಳಗ ಪೊಲೀಸರೂ ಇದ್ರು. ಗಂಡಸರಿಗೆ ವ್ಯವಹಾರ ತಿಳಿಯಂಗಿಲ್ಲ ಅಂತ ಯಾರೂ ಬರದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಸಲ ಹೆಸರು ಹೋಗಿ ಸ್ಕೀಮಿಗೆ ಕೂತಿತು. ಹೆಂಗಸರು ಮೋಸ ಹೋದಾಗ ಅದು ಹೆಂಗಸರ ದಡ್ಡತನ, ಗಂಡಸರು ಹೋದಾಗ ಅದು ಪೊಂಝಿಯ ಶ್ಯಾಣ್ಯಾತನ.

ನಮ್ಮ ಕನ್ನಡದ್ದೂ ಸ್ವಲ್ಪ ನೋಡ್ರಿ. ಮೋಸ ಹೋದ್ಲು ಅಂತೀವಿ. ಹೋದ್ಲು ಅಂದ್ರ ಆಕಿ ತಾನ ಎದ್ದು ಹೋದಂಗ, ಜಾತ್ರಿಗೆ ಹೋದಂಗ! ಇಂಗ್ಲಿಷಿನಾಗ ಟೇಕನ್ ಇನ್ ಅಂತಾರ, ಯಾರೋ ಒಳಗ ಕರಕೊಂಡು ಹೋದ್ರು ಅಂತ. 1920ರ ದಶಕದ ಅಮೆರಿಕಾದ ಗೂಂಡಾಗಳಿಂದ ಟೇಕನ್ ಫಾರ್ ಎ ರೈಡ್ ಅಂತ ಬಂತು, ಕಾರಿನಾಗ ಕೂಡಿಸಿಕೊಂಡು ಊರ ಹೊರಗ ಒಯ್ದು ಕೊಂದು ಬರತಿದ್ರು, ಆಮ್ಯಾಲೆ ಅರ್ಥ ಮೆತ್ತಗಾಗಿ ಬರೇ ಮೋಸ ಅಂತ ಉಳೀತು. ಇಲ್ಲಿ ಒಬ್ಬ ಕರಕೊಂಡು ಹೋಗೋವಾ ಇದ್ದಾನ ಅಂತರ ಗೊತ್ತಾಗ್ತದ. ಮೋಸಗಾರನಿಗೇ ನೇರ ಹೆಸರು ಕೊಟ್ಟ ಮಾತು ನಮ್ಮಲ್ಲೂ ಒಂದದ, ಫೋರ್ ಟ್ವೆಂಟಿ. ಇಂಗ್ಲಿಷರು 1860ರಾಗ ಬರದ ದಂಡ ಸಂಹಿತೆಯ 420ನೇ ಕಲಮು ಅದು. 2024ರ ಜುಲೈ 1ರಿಂದ ಹೊಸಾ ಕಾಯ್ದೆ ಬಂದು ಕಲಮಿನ ನಂಬರು ಬದಲಾಗಿ 318 ಆಗ್ಯದ. ಅಂವಾ ದೊಡ್ಡ 318 ಅಂತ ಯಾರೂ ಅನ್ನಂಗಿಲ್ಲ, ಅನ್ನೋದೂ ಇಲ್ಲ ಅನಸ್ತದ. ರಾಜಕಪೂರನ ಶ್ರೀ 420 ಹಾಡು ಕೇಳಿ ಬೆಳದ ನಾಲಗಿ ನಮ್ಮದು.

ಕಡೀಕ ಒಂದು ಮಾತು ಉಳಿದದ, ಈಗಿನ ಹುಡಿಗ್ಯಾರ ಬಾಯಾಗ ದಿನಾ ಕೇಳಸ್ತದ, ಗ್ಯಾಸ್‌ಲೈಟಿಂಗ್. ನಾ ಮೊದಲು ಅಡಗಿ ಗ್ಯಾಸಿಗೆ ಸಂಬಂಧ ಏನರ ಇರಬೇಕು ಅನಕೊಂಡಿದ್ದೆ ಅಂತ ಒಬ್ಬ ವೈನಿ ಅಂದಿದ್ರು. ಸಂಬಂಧ ಮನಿಗೇ ಅದ, ಅಡಗಿಗಲ್ಲ. 1938ರಾಗ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರದ ನಾಟಕದ ಹೆಸರು ಗ್ಯಾಸ್ ಲೈಟ್. ಕಥಿ ನಡಿಯೋದು 1880ರ ಲಂಡನ್ನಿನಾಗ, ಕರೆಂಟ್ ಇರದ ಕಾಲ, ಮನಿಯೊಳಗ ಗ್ಯಾಸಿನ ದೀಪ. ಒಂದು ಮನಿಯೊಳಗ ಒಂದ ಕಡೆಯಿಂದ ಗ್ಯಾಸ್ ಬರತಿರತದ, ಮ್ಯಾಲಿನ ಖೋಲಿಯೊಳಗ ಯಾರರ ದೀಪಾ ಹಚ್ಚಿದ್ರ ಕೆಳಗಿನ ದೀಪಾ ಸಣ್ಣಾಗ್ತದ. ಗಂಡ ಅನ್ನಿಸಿಕೊಂಡವಾ ದಿನಾ ಸಂಜಿಕೆ ಹೊರಗ ಹೋಗ್ತೀನಿ ಅಂತ ಹೇಳಿ ಕಳ್ಳದಾರಿಲೆ ತಮ್ಮ ಮನಿಯ ಮ್ಯಾಲಿನ ಅಂತಸ್ತಿಗೆ ಹೋಗಿ, ಹಿಂದ ತಾ ಕೊಂದ ಮುದುಕಿಯ ಕೆಂಪಿನ ಹರಳು ಹುಡುಕತಿರತಾನ. ಕೆಳಗ ಹೆಂಡತಿಗೆ ದೀಪಾ ಸಣ್ಣಾಗೋದು ಕಾಣಸ್ತದ, ಮ್ಯಾಲೆ ಹೆಜ್ಜಿ ಸಪ್ಪಳ ಕೇಳಸ್ತದ. ಗಂಡ ಮನಿಯೊಳಗಿನ ಸಾಮಾನು ತಾನ ಮುಚ್ಚಿಟ್ಟು ಆಕಿ ಮ್ಯಾಲೆ ಹಾಕತಾನ. ನೀ ಮರೀತಿ, ನಿನಗ ತಲಿ ಸರಿ ಇಲ್ಲ, ನಿಮ್ಮ ತಾಯಿನೂ ಹಿಂಗ ಇದ್ಲು ಅಂತಾನ. ಆಕಿಗೆ ಖರೇನ ತನಗ ಹುಚ್ಚು ಹಿಡೀಲಿಕ್ಕೆ ಹತ್ತೇದ ಅನಸ್ತದ.

ನಾಟಕ 1940ರಾಗ ಇಂಗ್ಲೆಂಡಿನಾಗ ಸಿನೆಮಾ ಆತು, 1944ರಾಗ ಹಾಲಿವುಡ್ಡಿನಾಗ ಮತ್ತ ಆತು. ಹಾಲಿವುಡ್ ಸಿನೆಮಾದಾಗ ಮಾಡಿದ್ದಕ್ಕ ಇಂಗ್ರಿಡ್ ಬರ್ಗ್ಮನ್ನರಿಗೆ ಆಸ್ಕರ್ ಬಂತು. ಅಲ್ಲಿಂದ ಈ ಹೆಸರು ಕ್ರಿಯಾಪದ ಆತು. ಮೆರಿಯಂ ವೆಬ್‌ಸ್ಟರ್ ನಿಘಂಟಿನವರು 2022ರ ವರ್ಷದ ಶಬ್ದ ಅಂತ ಇದನ್ನ ಆರಿಸಿದ್ರು. ಈ ಮಾತಿನಾಗ ಹೆಂಡತಿಗೆ ಮೊಲ ಅನ್ನೋ ಹೆಸರಿಲ್ಲ, ಹಕ್ಕಿಮರಿ ಅನ್ನೋ ಹೆಸರಿಲ್ಲ. ಯಾರು ಏನು ಮಾಡಿದ್ರು ಅನ್ನೋದಷ್ಟ ಅದ. ಆತ ಗ್ಯಾಸ್‌ಲೈಟ್ ಮಾಡಿದಾ ಅಂತಾರ, ತಪ್ಪು ಎಲ್ಲಾ ಆತನ ಕಡೆ.

ಹಾಲಿವುಡ್ ಸಿನೆಮಾದಾಗ ಗಂಡನ ಮ್ಯಾಲೆ ಸಂಶಯ ಬಂದ ಒಬ್ಬ ಪೊಲೀಸ್ ಅಧಿಕಾರಿ ಮನಿಗೆ ಬರ್ತಾನ. ಆಕಿ ಅವನ ಜೋಡಿ ಮಾತಾಡಿಕೋತ ನಿಂತಾಗ ಖೋಲಿಯೊಳಗಿನ ದೀಪಾ ಸಣ್ಣಾಗ್ತದ. ಅಷ್ಟು ದಿವಸ ತನಗಷ್ಟ ಕಾಣಸ್ತದ ಅಂತ ಒಳಗೊಳಗ ಸಾಯತಿದ್ಲು. ದೀಪಾ ಸಣ್ಣಾದದ್ದು ಅವಾನೂ ನೋಡ್ತಾನ, ನನಗೂ ಕಂಡಿತು ಅಂತಾನ.